ಮೊಂತೆಲೂನ ನಗರದ ತಿದ್ದುಪಡಿ

ಮೊಂತೆಲೂನ ನಗರವು ಎಡಬಲ ಅದಲುಬದಲಾಗಿದೆ ಎಂಬ ಸಂಗತಿ ೧೬೬೩ರ ವಸಂತದವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ. ಅದನ್ನು ಬೆಳಕಿಗೆ ತಂದ ಕೀರ್ತಿ ಚಿತ್ರಗಾರ ಓರ್ತೆನ್ಸಿಯೊನಿಗೆ ಸಲ್ಲಬೇಕು.

ರೋಮಿನ ಹಿರಿಯ ಧರ್ಮಾಧಿಕಾರಿ ಕಾರ್ಡಿನಲ್ಲರ ಭೇಟಿಯ ಗೌರವಾರ್ಥ ‘ಸುಶಾಸನದ ದಿಗ್ವಿಜಯ’ ಎಂಬ ಚಿತ್ರವನ್ನು ಅಚ್ಚುಹಾಕಿಕೊಡುವಂತೆ ನಗರಸಭೆ ಅವನಿಗೆ ಅಪ್ಪಣೆ ಮಾಡಿತ್ತು. ಚೌಕದ ನಡುವೆ ಖಡ್ಗ ಹಿಡಿದ ನ್ಯಾಯದೇವಿ, ಅವಳ ಕಾಲಡಿ ಹಾವುಗೂದಲಿನ ಅಸೂಯೆ, ಮೋಡದಲ್ಲಿ ತುತ್ತೂರಿ ಊದುವ ಕೀರ್ತಿ, ಪಕ್ಕದಲ್ಲಿ ವಿನಯದಿಂದ ನಿಂತ ನಗರಾಧ್ಯಕ್ಷ ಪೊಂಪಿಲಿಯೊ, ಬಲಗೆನ್ನೆಯ ನರುಲಿ ಸಮೇತ. ಓರ್ತೆನ್ಸಿಯೊ ಮೇಣ ಹಚ್ಚಿದ ತಾಮ್ರದ ತಗಡಿನ ಮೇಲೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೇ ಸೂಜಿಯಿಂದ ಗೀರಿ, ಆಮ್ಲದಲ್ಲಿ ಅದ್ದಿ, ಮಸಿ ಬಳಿದು ಕಾಗದಕ್ಕೆ ಒತ್ತಿದ. ಒತ್ತಿದಾಗ ಎಡವೆಲ್ಲ ಬಲವಾಗುತ್ತದೆ, ಮೊದಲೇ ತಿರುಗಿಸಿ ಬರೆಯಬೇಕು ಎಂಬುದು ಅಷ್ಟು ವರ್ಷ ಕಸುಬು ಮಾಡಿದವನಿಗೆ ಅವತ್ತು ಹೊಳೆಯಲಿಲ್ಲ. ಮನೆಗೆ ಅತ್ತೆ ಬಂದಿದ್ದರು.

ಸಭೆ ಚಿತ್ರವನ್ನು ನೋಡದೆ ಸರ್ವಾನುಮತದಿಂದ ಅಂಗೀಕರಿಸಿ ರೋಮಿಗೆ ಕಳಿಸಿತು. ಕಾರ್ಡಿನಲ್ಲರು ಬಹಳ ಮೆಚ್ಚಿದರು. ಬಂದಾಗ ಇದರಲ್ಲಿರುವುದನ್ನೆಲ್ಲ ಕಣ್ಣಾರೆ ನೋಡುತ್ತೇನೆ ಎಂದು ಹೇಳಿಕಳಿಸಿದರು. ಆಮೇಲೆ ಸಭೆಯವರೂ ಚಿತ್ರವನ್ನು ನೋಡಿದರು.

ಓರ್ತೆನ್ಸಿಯೊ ಏದುಸಿರು ಬಿಡುತ್ತಾ ಸಭೆಗೆ ಓಡಿಬಂದ.

“ಸ್ವಾಮಿ, ಎಡವಟ್ಟಾಗಿದೆ. ತಪ್ಪು ನಂದೇ. ಒಂದು ವಾರ ಕೊಡಿ, ಹೊಸದು ಮಾಡಿಕೊಡ್ತೀನಿ.”

ಕಾರ್ಯದರ್ಶಿ ಬೆನಿಂಕಾಸ ಬಾಗಿಲು ಹಾಕಿಸಿದರು. “ತಪ್ಪು ಅಂದ್ಯಾ? ಸಭೆ ಒಪ್ಪಿರೋ ಚಿತ್ರ ಕಣಯ್ಯಾ ಅದು. ಅದರಲ್ಲಿ ತಪ್ಪು ಎಲ್ಲಿಂದ ಬರುತ್ತೆ?”

“ನ್ಯಾಯದೇವಿ ಎಡಗೈಲಿ ಕತ್ತಿ ಹಿಡ್ಕೊಂಡಿದಾಳೆ ಸ್ವಾಮಿ! ಗಂಟೆಗೋಪುರ ಬಾವಿ ಕಡೆ ಹೋಗ್ಬಿಟ್ಟಿದೆ!”

“ಇನ್ನೊಂದು ಸಲ ಸರ್ಕಾರಿ ಚಿತ್ರಕ್ಕೆ ಅವಮಾನ ಮಾಡಿದ್ರೆ ನಿನ್ನ ಯಂತ್ರ ಜಪ್ತಿ ಮಾಡಿಸಿ, ಹೆಂಡ್ತಿ ಮಕ್ಕಳ ಸಮೇತ ಊರಾಚೆ ಹಾಕಿಸ್ತೀನಿ.”

ಮಾರನೆಯ ದಿನ ಚೌಕದಲ್ಲಿ ಡಂಗುರ ಹೊಡೆಯಲಾಯಿತು:

“ಅಂಗೀಕೃತ ಚಿತ್ರಕ್ಕೂ ನಗರಕ್ಕೂ ವ್ಯತ್ಯಾಸ ಕಂಡುಬಂದಿರುವುದರಿಂದ ನಗರವನ್ನು ತಿದ್ದತಕ್ಕದ್ದು. ಕತ್ತಿ ಹಿಡಿಯುವುದು, ಕೈಕುಲುಕುವುದು, ಸೂಪು ಕುಡಿಯುವುದು ಇತ್ಯಾದಿಗಳನ್ನು ಸಾರ್ವಜನಿಕರು ಎಡಗೈಯಲ್ಲೇ ಮಾಡತಕ್ಕದ್ದು. ಗೋಪುರವು ಭಾರವಾಗಿರುವ ಕಾರಣ ಅದಕ್ಕೆ ವಿನಾಯಿತಿ ಇದೆ. ಅದು ಚಿತ್ರದಲ್ಲಿರುವ ಕಡೆಗೇ ಕಾಣುವಂತೆ ನೋಡುವವರು ಚೌಕಕ್ಕೆ ಹಿಂದಿನಿಂದ ಬರತಕ್ಕದ್ದು.”

ಕೆಲಸ ಚುರುಕಾಗಿ ನಡೆಯಿತು. ಅಧ್ಯಕ್ಷರ ನರುಲಿಯನ್ನು ಕ್ಷೌರಿಕ ಕತ್ತರಿಸಿ, ಎಡಗೆನ್ನೆಗೆ ಒಂದು ಚನ್ನಂಗಿ ಕಾಳು ಅಂಟಿಸಿದ. ಅದು ಪದೇ ಪದೇ ಊಟದ ತಟ್ಟೆಗೆ ಉದುರುತ್ತಿದ್ದುದರಿಂದ ಅಂಟಿನ ಡಬ್ಬಿ ಹಿಡಿದು ಹಿಂದೆ ನಡೆಯಲು ಒಬ್ಬನನ್ನು ನೇಮಿಸಲಾಯಿತು. ಎಡಗೈಯಲ್ಲಿ ಕ್ಷೌರ ಮಾಡಿಕೊಳ್ಳಲು ಹೋಗಿ ಊರಿನ ಗಂಡಸರೆಲ್ಲ ಅರ್ಧ ಮೀಸೆಯಲ್ಲಿ ಓಡಾಡಿದರು. ಎಡಗೈ ಕತ್ತಿವರಸೆಯಲ್ಲಿ ಯಾರ ಏಟೂ ಯಾರಿಗೂ ತಾಗದ್ದರಿಂದ ಆ ತಿಂಗಳು ಒಂದೂ ಕೊಲೆಯಾಗಲಿಲ್ಲ. ಸಭೆ ಇದನ್ನು ಸುಶಾಸನದ ಸಾಧನೆಯೆಂದು ಪರಿಗಣಿಸಿತು. ಎಡಗೈ ತರಬೇತಿಯ ಮೇಲ್ವಿಚಾರಣೆಯನ್ನು ಓರ್ತೆನ್ಸಿಯೊನಿಗೇ ವಹಿಸಲಾಯಿತು. ಮೊದಮೊದಲು ಅವನಿಗೆ ನಾಚಿಕೆಯಾಗುತ್ತಿತ್ತು. ಆಮೇಲೆ ಸೋಮಾರಿಗಳ ಮೇಲೆ ಸಿಟ್ಟು ಬರತೊಡಗಿತು.

ಕಾರ್ಡಿನಲ್ಲರನ್ನು ಹಿಂದಿನ ಚರ್ಮ ಹದಮಾಡುವವರ ಓಣಿಯಿಂದ, ಮೂಗು ಮುಚ್ಚಿಸಿ, ಚೌಕಕ್ಕೆ ಕರೆತರಲಾಯಿತು. ಅವರು ಚಿತ್ರ ಹಿಡಿದು ಒಂದೊಂದನ್ನೇ ತಾಳೆ ನೋಡಿದರು. ಗೋಪುರ ಸರಿಯಿತ್ತು. ನ್ಯಾಯದೇವಿಯಾಗಿ ನಿಂತಿದ್ದ ರೊಟ್ಟಿ ಅಂಗಡಿಯ ಜೆಲ್ಸೊಮಿನ ಸರಿಯಿದ್ದಳು. ಮನೆಯ ಮಾಡಿನ ಮೇಲೆ ಕೀರ್ತಿಯಾಗಿ ತುತ್ತೂರಿಯವನೂ ಇದ್ದ.

“ಎಲ್ಲಾ ಚೆನ್ನಾಗಿದೆ. ಅಸೂಯೆ ಎಲ್ಲಪ್ಪಾ?” ಎಂದರು ಕಾರ್ಡಿನಲ್ಲರು.

ಸಭೆ ಅದನ್ನು ಮರೆತಿತ್ತು. ಆಗ ಹನ್ನೊಂದು ವರ್ಷದಿಂದ ಉಪಾಧ್ಯಕ್ಷರಾಗಿಯೇ ಉಳಿದಿದ್ದ ತಿಬುರ್ಸಿಯೊ ಅವರು, ಯಾರೂ ಹೇಳದೆಯೇ ಮುಂದೆ ಬಂದು ಜೆಲ್ಸೊಮಿನಳ ಕಾಲಡಿ ಅಂಗಾತ ಮಲಗಿದರು.

“ನಾನೇ ಸ್ವಾಮಿ.”

“ಭಲೇ,” ಎಂದರು ಕಾರ್ಡಿನಲ್ಲರು. ತಿಬುರ್ಸಿಯೊ ಅವರ ಅಸೂಯೆಯ ಹುದ್ದೆಯನ್ನು ಅಂದೇ ಕಾಯಂ ಮಾಡಲಾಯಿತು; ಹಬ್ಬಗಳಲ್ಲಿ ದಿಂಬು ಕೊಡಲಾಗುತ್ತದೆ.

ಮರುವರ್ಷ ಬೊಲೋನ್ಯದಿಂದ ಓರ್ತೆನ್ಸಿಯೊನ ಹಳೆಯ ಗೆಳೆಯನೊಬ್ಬ ಊಟಕ್ಕೆ ಬಂದ. ಎಲ್ಲರ ಮುಂದೆ ಆರಾಮಾಗಿ ಬಲಗೈಯಲ್ಲಿ ಚಮಚ ಹಿಡಿದು ಸೂಪು ಕುಡಿಯತೊಡಗಿದ.

ಹೆಂಡತಿ ಓರ್ತೆನ್ಸಿಯೊನ ತೋಳು ತಿವಿದಳು. “ರೀ, ಸ್ವಲ್ಪ ಹೇಳ್ರೀ ಅವರಿಗೆ. ಮಕ್ಕಳು ನೋಡ್ತಿದಾವೆ.”

ಓರ್ತೆನ್ಸಿಯೊ ಗೆಳೆಯನನ್ನು ಮರುಕದಿಂದ ನೋಡಿದ.

“ಹೋಗ್ಲಿ ಬಿಡೇ,” ಎಂದ ಮೆಲ್ಲಗೆ. “ಪಾಪ, ಅವರ ಊರಲ್ಲಿ ಒಳ್ಳೆ ಚಿತ್ರಗಾರರಿಲ್ಲ.”