ಸಿಟ್ಟಿನ ಪದ ‘ವೆಕ್ಸ್’ಗೆ ವಾರಿಯ ದರ್ಜಿಯೊಬ್ಬಳ ದೂರು

ಇಂಗ್ಲಿಷಿನಲ್ಲಿ ಹುಟ್ಟಿ, ನೈಜೀರಿಯಾದ ನಮ್ಮ ವಾರಿ ಪಟ್ಟಣಕ್ಕೆ ಬಂದು, ಎಲ್ಲರ ನಾಲಿಗೆಯ ಮೇಲೂ ಬಾಡಿಗೆಯಿಲ್ಲದೆ ವಾಸವಾಗಿರುವ ಶ್ರೀಮಾನ್ ‘ವೆಕ್ಸ್’ ಅವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೇ ಎಂದು ನಾನು ಕೇಳಬೇಕಾಗಿಲ್ಲ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ನಮ್ಮ ವಠಾರದ ನಲ್ಲಿಯ ಬಳಿ ತಮ್ಮ ದನಿ ಕೇಳಿತು. ಪಕ್ಕದವಳ ಬಕೆಟ್ಟನ್ನು ಕಾಲಲ್ಲಿ ಸರಿಸಿ ತನ್ನದನ್ನು ಇಟ್ಟವಳು, "ನೋ ವೆಕ್ಸ್ ಕಣೇ, ಸಿಟ್ಟಾಗ್ಬೇಡ" ಎಂದಳು. ಪಕ್ಕದವಳು ಬಾಯಿ ತೆರೆಯುವಷ್ಟರಲ್ಲಿ ಬಕೆಟ್ಟು ಅರ್ಧ ತುಂಬಿತ್ತು.

ತಮ್ಮ ಪರಿಚಯ ನನಗೆ ಮೊದಲು ಆದದ್ದು ಶಾಲೆಯಲ್ಲಿ. ಇಂಗ್ಲಿಷ್ ಮೇಷ್ಟ್ರು ಹಲಗೆಯ ಮೇಲೆ ಸಿಟ್ಟಿನ ಏಣಿ ಬರೆದು, ರೌದ್ರವನ್ನು ತುದಿಗೆ ಹತ್ತಿಸಿ, ತಮ್ಮನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿ, "ಇದು ಹಳೇ ಪುಸ್ತಕದ ಪದ, ಸ್ವಲ್ಪ ಕಿರಿಕಿರಿ ಮಾಡೋದು ಅಂತ ಅರ್ಥ, ಈಗ ಯಾರೂ ಬಳಸಲ್ಲ" ಎಂದರು. ಅದೇ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಬ್ಬ, "ಸಾರ್, ನೋ ವೆಕ್ಸ್, ಹೊರಗೆ ಹೋಗ್ಬರ್ಲಾ?" ಎಂದ. "ಈಗ ತಾನೇ ಬಳಸಿದ್ನಲ್ಲ ಸಾರ್" ಎಂದೆ ನಾನು. ಮೇಷ್ಟ್ರು ವೆಕ್ಸ್ ಆದರು. ಅದು ಏಣಿಯ ಯಾವ ಮೆಟ್ಟಿಲೆಂದು ತಿಳಿಯುವಷ್ಟು ಕಾಲ ನಾನು ಶಾಲೆಯಲ್ಲಿ ಉಳಿಯಲಿಲ್ಲ.

ಹೊರಗೆ ಬಂದು ನೋಡಿದರೆ ಮೆಟ್ಟಿಲೇನು, ಇಡೀ ಏಣಿಯೇ ತಮ್ಮದು! ಟೀಗೆ ಸಕ್ಕರೆ ಕಡಿಮೆಯಾದರೂ ವೆಕ್ಸ್, ಮದುವೆ ಮುರಿದು ಬಿದ್ದರೂ ವೆಕ್ಸ್. ಇಷ್ಟು ದುಡಿಮೆಗೆ ತಮ್ಮನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಸಿಟ್ಟಿನ ಪದವಾದ ತಾವು ಸಿಟ್ಟು ಬಂದವರ ಕಡೆ ಇರುವ ಬದಲು, ಸಿಟ್ಟು ಬರಿಸಿದವರ ಮನೆಯಲ್ಲೇ ನೌಕರಿಗೆ ಸೇರಿದ್ದೀರಿ. ಕಾಲು ತುಳಿದವನು, ಬಸ್ಸು ತಪ್ಪಿಸಿದವನು, ಕರೆಂಟು ತೆಗೆದವನು, ಎಲ್ಲರೂ ತಮ್ಮನ್ನೇ ಮುಂದೆ ಕಳಿಸಿ "ನೋ ವೆಕ್ಸ್" ಎನ್ನಿಸುತ್ತಾರೆ. ನೊಂದವರಿಗೆ ಉಳಿಯುವುದು "ಇಲ್ಲ, ವೆಕ್ಸ್ ಇಲ್ಲ" ಎನ್ನುವ ಉತ್ತರ ಒಂದೇ. ಅದು ಸುಳ್ಳಾದರೂ ಹೇಳಬೇಕು. ಹೇಳದಿದ್ದರೆ ಕಲ್ಲು ಹೃದಯದವಳೆಂಬ ಬಿರುದು ಸಿಗುತ್ತದೆ, ಅದೀಗ ನನ್ನ ಹೆಸರಿನ ಮುಂದಿದೆ.

ಅದು ಬಂದ ಬಗೆ ಹೀಗೆ. ಹೊಲಿಗೆ ಕಲಿಯಲು ನಾನು ಮೇಡಂ ರುಕೆವ್ವೆಯವರ ಅಂಗಡಿ ಸೇರಿದ್ದೆ. ಕಲಿಕೆ ಮುಗಿದವರಿಗೆ ನಮ್ಮಲ್ಲಿ ‘ಫ್ರೀಡಂ’ ಮಾಡುತ್ತಾರೆ. ಹಿರಿಯರ ಮುಂದೆ ಮಂಡಿಯೂರಬೇಕು, "ನನ್ನ ಮೇಲೆ ವೆಕ್ಸ್ ಇದೆಯಾ?" ಎಂದು ಮೇಡಂ ಕೇಳಬೇಕು, "ಇಲ್ಲ" ಎನ್ನಬೇಕು, ಆಮೇಲೆ ಅವರು ತಲೆಯ ಮೇಲೆ ಕೈಯಿಟ್ಟು ಹರಸಿ ಕತ್ತರಿ ಕೊಡುತ್ತಾರೆ. ಆ ಕತ್ತರಿ ಸಿಗದವಳ ಅಂಗಡಿಗೆ ವಾರಿಯಲ್ಲಿ ಯಾರೂ ದಿಂಬಿನ ಚೀಲವನ್ನೂ ಹೊಲಿಯಲು ಕೊಡುವುದಿಲ್ಲ.

ಆ ದಿನಕ್ಕೆಂದು ಅಮ್ಮ ಕೊಟ್ಟ ನೀಲಿ ಲೇಸಿನಲ್ಲಿ ನಾನೇ ಒಂದು ಗೌನು ಹೊಲಿದು, ಕತ್ತಿನ ಸುತ್ತ ಒಂದೊಂದೇ ಮಣಿ ಕೂರಿಸಿ, ಗೋಡೆಗೆ ತೂಗುಹಾಕಿದ್ದೆ. ಒಂದು ಶನಿವಾರ ಬಂದು ನೋಡಿದರೆ ಗೋಡೆ ಖಾಲಿ.

"ತೆಜಿರಿ, ನೋ ವೆಕ್ಸ್ ಕಣಮ್ಮಾ" ಎಂದರು ಮೇಡಂ. "ಮದುವೆಗೆ ಹೊರಟವಳು ಬಾಗಿಲಲ್ಲಿ ನಿಂತು ಅಳ್ತಾ ಇದ್ಳು. ಅವಳ ಬಟ್ಟೆ ನಾನಿನ್ನೂ ಕತ್ತರಿಸೇ ಇರ್ಲಿಲ್ಲ. ಸೊಂಟ ಸಡಿಲ ಮಾಡಿ ನಿಂದೇ ಹಾಕಿ ಕಳಿಸ್ಬಿಟ್ಟೆ. ಅವಳದೂ ನೀಲಿ ಲೇಸೇ, ತಗೋ, ಇನ್ನೊಂದು ಹೊಲ್ಕೋ."

"ವೆಕ್ಸ್ ಆಗಿದ್ದೀನಿ ಮೇಡಂ" ಎಂದೆ.

ಅಂಗಡಿಯ ಮಿಷನ್ನುಗಳೆಲ್ಲ ನಿಂತವು. ಜೊತೆಗೆ ಕಲಿಯುವ ಉಫುವೋಮಾ ನನ್ನ ತೋಳು ಚಿವುಟಿ, "ಹುಚ್ಚಿ, ‘ಇಲ್ಲ ಮೇಡಂ’ ಅನ್ನೇ, ನಾಲಿಗೆ ಸವೆಯುತ್ತಾ?" ಎಂದು ಪಿಸುಗುಟ್ಟಿದಳು. ಮೇಡಂ ಮಾತ್ರ, "ಹೊಟ್ಟೇಲಿ ಸಿಟ್ಟು ಇಟ್ಕೊಂಡವಳ ತಲೆ ಮೇಲೆ ಹೆಂಗೆ ಕೈ ಇಡ್ಲಿ? ಅದನ್ನ ಕಳ್ಕೊಂಡು ಫ್ರೀಡಂಗೆ ಬಾ" ಎಂದರು.

ಕಳೆದುಕೊಳ್ಳಲು ನಾನು ಪ್ರಯತ್ನಿಸಿದ್ದಕ್ಕೆ ತಾವೇ ಸಾಕ್ಷಿ. ಫ್ರೀಡಂ ದಿನ ಅದೇ ಬದಲಿ ಲೇಸಿನ ಗೌನು ತೊಟ್ಟು ಮಂಡಿಯೂರಿದಾಗ, ದಯವಿಟ್ಟು ಎದೆಯಿಂದ ಎದ್ದು ಹಿತ್ತಲ ಬಾಗಿಲಿನಿಂದ ಒಂದು ಗಳಿಗೆ ಹೊರಗೆ ಹೋಗಿ ಬನ್ನಿ ಎಂದು ತಮ್ಮನ್ನು ಎಷ್ಟು ವಿನಯದಿಂದ ಬೇಡಿಕೊಂಡೆ! ತಾವು ಇನ್ನೂ ಆರಾಮಾಗಿ ಕಾಲು ಚಾಚಿದಿರಿ. ಅಮ್ಮ ಕಣ್ಣಲ್ಲೇ ಗದರಿಸುತ್ತಿದ್ದಳು. ಮೇಡಂ ಕೇಳಿದರು. "ಇದೆ ಮೇಡಂ" ಎಂದೆ. "ಕೆಲಸ ಕಲಿಸಿದ್ದನ್ನ ಸಾಯೋವರೆಗೂ ಮರೆಯಲ್ಲ. ಗೌನಿನ ವಿಷಯಕ್ಕೆ ಮಾತ್ರ ವೆಕ್ಸ್ ಇದೆ."

ಹಿಂದಿನ ಸಾಲಿನಿಂದ ಯಾವನೋ ಮಾವ, "ಅನ್ನ ಆರ್ತಾ ಇದೆ, ಇಲ್ಲ ಅಂದ್ಬಿಡೇ ತಾಯೀ!" ಎಂದು ಕೂಗಿದ. ಯಾರೂ ನಗಲಿಲ್ಲ. ಕತ್ತರಿ ಮೇಡಂ ಮಡಿಲಲ್ಲೇ ಇತ್ತು. ಅವರು ಅದನ್ನು ಚೀಲಕ್ಕೆ ಹಾಕಿಕೊಂಡು ಎದ್ದರೆ ನನ್ನ ಅಂಗಡಿಯ ಕನಸೂ ಅದರ ಜೊತೆ ಚೀಲ ಸೇರುತ್ತಿತ್ತು.

"ನಂಗೂ ನಿನ್ಮೇಲೆ ವೆಕ್ಸ್ ಇದೆ ಕಣೇ" ಎಂದರು ಮೇಡಂ ಕೊನೆಗೆ. "ಎಲ್ಲರ ಮುಂದೆ ಮಾನ ತೆಗೆದೆ. ಬಗ್ಗಿಸು ತಲೇನ." ತಲೆಯ ಮೇಲೆ ಕೈ ಬಿತ್ತು, ಹಗುರವಾಗಿ ಏನಲ್ಲ. "ದೇವರೇ, ಈ ಹುಡುಗಿ ಬಾಯಿ ನೀನೇ ನೋಡ್ಕೋ. ಕೈ ನಾನು ನೋಡಿದ್ದೀನಿ, ಕೈಲಿ ತಪ್ಪಿಲ್ಲ." ಕತ್ತರಿ ಕೊಟ್ಟರು. ಇಂಥ ಸಂತೋಷಕ್ಕೆಂದು ನಮ್ಮಲ್ಲಿ ಕುತ್ತಿಗೆಗೆ ಹಚ್ಚುವ ಪೌಡರನ್ನು ನನ್ನ ಮುಖದ ಮೇಲೆಲ್ಲ ಸುರಿದರು. ನಾನು ಸೀನುತ್ತಲೇ ದರ್ಜಿಯಾದೆ.

ಆದಕಾರಣ ತಮ್ಮಲ್ಲಿ ನನ್ನ ಬಿನ್ನಹವಿಷ್ಟೆ. ಇನ್ನು ಮುಂದೆ ತಪ್ಪು ಮಾಡಿದವರು ಕರೆದ ಕೂಡಲೇ ಓಡಿಹೋಗದೆ, ಅವರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸ್ವಲ್ಪ ಹೊತ್ತು ಅಡ್ಡ ನಿಲ್ಲಬೇಕು. ನೊಂದವರು "ಇದೆ" ಎಂದಾಗ ಅವರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರಬೇಕು. ಸಾಧ್ಯವಾದರೆ ಭಾನುವಾರ ರಜೆ ತೆಗೆದುಕೊಳ್ಳಿ. ಆ ಒಂದು ದಿನ ಊರಿನವರೆಲ್ಲ ಒಬ್ಬರ ಕಾಲು ಇನ್ನೊಬ್ಬರು ತುಳಿಯದೆ ನಡೆಯುವುದನ್ನು ಕಲಿಯಲಿ.

ಇಂತಿ, ಕತ್ತರಿ ಸಿಕ್ಕರೂ ಸಿಟ್ಟಿಳಿಯದ ತಮ್ಮ ವಿಶ್ವಾಸಿ,
ತೆಜಿರಿ, ಲೇಡೀಸ್ ಟೈಲರ್

ತಾಜಾ ಕಲಂ: ಇಂದು ಮಧ್ಯಾಹ್ನ ಮೇಡಂ ಒಂದು ಬಟ್ಟಲು ತಾಳೆಹಣ್ಣಿನ ಬಂಗಾ ಸಾರು ಕಳಿಸಿದ್ದರು, ಇಡೀ ಮೀನಿನ ತಲೆ ನನಗೇ. ಬಟ್ಟಲಿನ ಜೊತೆ ತಾವು ಬಂದಿರಲಿಲ್ಲ. ಅದಕ್ಕೇ ಇರಬೇಕು, ಬಹಳ ರುಚಿಯಾಗಿತ್ತು.