ಆ್ಯಪಿಗೊಂದು ಬೆಡಗು

ಹೊಸ ಹುಡುಗಿ ಕೈ ಇಟ್ಟಿದ್ದರಿಂದಲೇ ನಮ್ಮ ಆ್ಯಪು ಕೆಟ್ಟಿತು ಎಂಬ ಕಥೆಯನ್ನು ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳುವವರು ಬಹಳ ಮಂದಿ ಎಂಬುದು ಪುರಾವೆಯಲ್ಲ. ಇಂಡಿ ಪಟ್ಟಣದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಲ್ಲುತ್ತಿದ್ದಾಗ ಕಲಿತ ಮೊದಲ ಪಾಠವೇ ಅದು. ಆ ಹೊಸ ಹುಡುಗಿ ನಾನೇ ಆದ್ದರಿಂದ ಪಾಠ ತುಸು ಜೋರಾಗಿಯೇ ನೆನಪಾಯಿತು.

ಕಾಲುವೆ ನೀರಿನ ಪಾಳಿ ಯಾರದು, ಯಾವ ಹೊತ್ತಿಗೆ ಎಂದು ರೈತರಿಗೆ ತಿಳಿಸುವ ಆ್ಯಪು ಅದು. ಬಸವನ ಬಾಗೇವಾಡಿಯ ನಮ್ಮ ಪುಟ್ಟ ಕಚೇರಿಯಲ್ಲಿ ತಯಾರಾದದ್ದು. ಸಂಜೆಯ ಪಾಳಿಯನ್ನು ಬೆಳಗಿನದೆಂದು ತೋರಿಸುತ್ತಿತ್ತು, ನಾನು ಸರಿಪಡಿಸಿದೆ. ಮಾಲೀಕರಾದ ಈರಣ್ಣ ಸರ್ ಹೊಸದನ್ನು ಎಲ್ಲರಿಗೂ ಕಳಿಸಿದ್ದಾಗಿ ಹೇಳಿದರು. ಆದರೂ ಪಾಳಿ ತಪ್ಪಿತು. ಇಂಗಳೇಶ್ವರದ ಕಡೆಯ ರೈತರ ಮುಂದಾಳು ದಾವಲಸಾಬ್ ಚಾಚಾ ಮೋಟಾರ್‌ಸೈಕಲ್ ಏರಿ ಬಂದವರೇ, ಇವತ್ತು ಇತ್ಯರ್ಥವಾಗದಿದ್ದರೆ ಊರೂರಿಗೆ ಹೇಳಿ ಆ್ಯಪು ತೆಗೆಸಿಬಿಡುವುದಾಗಿ ಹೇಳಿ ಕುರ್ಚಿ ಎಳೆದುಕೊಂಡು ಕುಳಿತರು. ಈರಣ್ಣ ಸರ್ ನನ್ನತ್ತ ನೋಡಿದ ನೋಟದಲ್ಲಿ ನನ್ನ ನೌಕರಿಯ ಕೊನೆಯ ದಿನ ಕಾಣಿಸಿತು.

ನಾನು ಚಾಚಾರ ಫೋನು ಕೇಳಿ ತೆಗೆದುಕೊಂಡೆ. ಕೋಡ್‌ನಲ್ಲಿ ಏನು ತಿದ್ದಿದರೂ ಆ ತಿದ್ದುಪಡಿಗೆ ಅಕ್ಷರ-ಅಂಕಿಗಳ ಒಂದು ಗುರುತು ಬೀಳುತ್ತದೆ. ಯಾವ ಕೋಡ್‌ನಿಂದ ಆ್ಯಪು ತಯಾರಾಯಿತೋ ಅದರ ಗುರುತು ಪರದೆಯ ಕೆಳಮೂಲೆಯಲ್ಲಿ ಕಾಣುವಂತೆ ಹಿಂದೆಯೇ ಮಾಡಿಟ್ಟಿದ್ದೆ. ಮದುವೆ ಮಾತಿನಲ್ಲಿ ಬೆಡಗು, ಅಂದರೆ ವಂಶದ ಹೆಸರು, ವಿಚಾರಿಸುವುದು ನಮ್ಮ ಕಡೆಯ ರೂಢಿ. ಆಗ ಸರ್ ನಕ್ಕಿದ್ದರು: "ಆ್ಯಪಿಗೂ ಕುಲಾ-ಬೆಡಗು ಕೇಳ್ತೀಯಲ್ಲವಾ, ಬೀಗತನಾ ಮಾಡೂದೈತೇನು?"

ಈಗ ಫೋನಿನಲ್ಲಿದ್ದ ಗುರುತನ್ನು ಕಂಪ್ಯೂಟರಿನಲ್ಲಿ ಹುಡುಕಿದೆ. ಸಿಕ್ಕಿದ್ದು ನಾನು ತಿದ್ದುವುದಕ್ಕಿಂತ ಹಿಂದಿನ ಕೋಡ್. ಆವೃತ್ತಿಯ ಹೆಸರು ಮಾತ್ರ ಹೊಸದು, ಒಳಗಿನದೆಲ್ಲ ಹಳೆಯದು. ಕುಳಿತೇ ಹೇಳಬಹುದಿತ್ತು, ಅಭ್ಯಾಸಬಲದಿಂದ ಎದ್ದು ನಿಂತು, ಇಲ್ಲದ ತೀರ್ಪುಗಾರರಿಗೆ ವಂದಿಸುವುದೊಂದು ಬಾಕಿ ಎಂಬಂತೆ ವಾದ ಮಂಡಿಸಿದೆ. ಸರ್ ಕನ್ನಡಕ ಒರೆಸಿದರು. ಮತ್ತೆ ಒರೆಸಿದರು.

"ಅವತ್ತ ಅಮಾಸಿ ಇತ್ತವಾ. ಹೊಸಾದು ಹೆಂಗ ಬಿಡೂದು? ಮಂದಿಗಿ ಮಾತ ಕೊಟ್ಟಿದ್ನಿ. ಹಳೇದಕ್ಕ ಹೊಸಾ ಹೆಸರು ಹಚ್ಚಿ ಕಳಿಸಿದ್ನಿ. ಪಾಡ್ಯಾ ಆದ ಮ್ಯಾಲೆ ಖರೇದು ಕಳಸೂದು ಮರತ್ನಿ."

ಚಾಚಾ ಸರ್ ಕಡೆ ತಿರುಗಿ, "ಹುಡುಗಿದೇನೂ ತಪ್ಪಿಲ್ಲ ಬಿಡ್ರಿ. ಇನ್ನ ಯಾರರ ಅಂದ್ರ ನಾ ಜವಾಬ ಕೊಡ್ತೇನಿ" ಎಂದರು. ಅವರ ಫೋನಿಗೆ ಖರೇ ಆ್ಯಪು ಹಾಕಿದೆ. ಸಂಜೆಯ ಪಾಳಿ ಸಂಜೆಗೇ ಬಂದು ಕುಳಿತಿತು. ಕಾಲೇಜಿನಲ್ಲಿ ಗೆದ್ದ ಯಾವ ಕಪ್ಪೂ ಅಷ್ಟು ಹೊಳೆದದ್ದಿಲ್ಲ.

ಮುಂದಿನ ಸಲ ಆ್ಯಪು ತಯಾರಾದ ದಿನವೇ ಸರ್ ಅದನ್ನು ಕಳಿಸಿದರು. ಆದರೆ ನನ್ನ ಗುರುತಿನ ಪಕ್ಕದಲ್ಲಿ ಅಂದಿನ ತಿಥಿಯನ್ನೂ ಸೇರಿಸಿದ್ದರು. ಸಂಜೆಗೆ ಚಾಚಾ ಹೊಲದಿಂದಲೇ ಫೋನು ಮಾಡಿ, ಆ್ಯಪು ಈಗ ಭಾರಿ ಆಗೇತಿ, ಸಿಂದಗಿಯ ಬೀಗರೂ ಬೇಕೆನ್ನುತ್ತಾರೆ ಎಂದರು. ನಾನು ಉಬ್ಬಿದೆ. ಆದರೆ ಚಾಚಾ, ಆ ತಿಥಿ ಎಷ್ಟು ಚೆಂದ ಕಾಣುತ್ತದೆ ಎಂದು ಮಾತು ಮುಂದುವರಿಸಿದರು. ಅವರ ಹಿಂದೆ ಹೊಲಕ್ಕೆ ನುಗ್ಗುವ ನೀರಿನ ಸದ್ದು ಜೋರಾಗಿತ್ತು. ನಾನೂ ದನಿ ಎತ್ತಿದೆ:

"ಚಾಚಾ, ತಿಥಿ ಇರ್ಲಿ. ನೀರು ಹೊತ್ತಿಗಿ ಸರಿಯಾಗಿ ಸಿಗಾಕತ್ತಿದ್ದು ಯಾರಿಂದ್ರಿ?"