ದೊಡ್ಡವ್ವನ ಕಾಡು, ದೊಡ್ಡಪ್ಪನ ಬಿದಿರು

ಸ್ವಂತ ಎಮ್ಮೆಯನ್ನು ಜೈಲಿಗೆ ಹಾಕಿಸಿದವಳು ನಮ್ಮ ವಂಶದಲ್ಲಿ ದೊಡ್ಡವ್ವ ಒಬ್ಬಳೇ. ಜೈಲು ಅಂದರೆ ಕೊಂಡವಾಡ, ಮೇಯಬಾರದ ಕಡೆ ಮೇಯ್ದ ದನಗಳನ್ನು ಕೂಡಿಹಾಕುವ ಜಾಗ. ಎಮ್ಮೆ ಮೇಯ್ದದ್ದು ಊರ ಅರಣ್ಯ ಸಮಿತಿ ಬೆಳೆಸುತ್ತಿದ್ದ ಎಳೆಯ ಕಾಡಿನಲ್ಲಿ. ಸಮಿತಿಯ ಅಧ್ಯಕ್ಷೆ ದೊಡ್ಡವ್ವ. ಅಂದು ಮನೆಮಂದಿಯೆಲ್ಲ ಕರಿ ಚಹಾ ಕುಡಿದರು.

"ಅಲ್ಲೇ ಹೋಗಿ ಹಾಲರ ಹಿಂಡಿಕೊಂಡು ಬರ್ಲೇನು?" ಎಂದು ದೊಡ್ಡಪ್ಪ ಕೇಳಿದನಂತೆ.

"ಕೈದಿ ಹಾಲು ಕುಡಿಯೂದು ಚಲೋ ಅಲ್ರಿ" ಎಂದಳಂತೆ ದೊಡ್ಡವ್ವ.

ಇವಳು ಅಧ್ಯಕ್ಷೆಯಾದದ್ದಾದರೂ ಹೇಗೆ? ಪಾಳಾ ಎಂಬ ಊರಿನ ಆಚೆ ಇರುವ ಅವರ ಹಳ್ಳಿಗೆ ಪರದೇಶದ ನೆರವಿನ ಅರಣ್ಯ ಯೋಜನೆ ಬಂತು. ಇನ್ನು ಮೇಲೆ ಕಾಡನ್ನು ಊರವರೇ ಕಾಯಬೇಕು, ಬಂದ ಫಲದಲ್ಲಿ ಪಾಲು ತೆಗೆದುಕೊಳ್ಳಬೇಕು, ಸಮಿತಿಯಲ್ಲಿ ಹೆಂಗಸರೂ ಇರಬೇಕು ಎಂದು ನೆರವು ಕೊಡುವವರ ಷರತ್ತು. ಊರ ಗಂಡಸರು ಬಹಳ ಯೋಚನೆ ಮಾಡಿ, ಬಾಯಿ ಬಿಡದ ಹೆಂಗಸೊಬ್ಬಳನ್ನು ಹುಡುಕಿ ಕುರ್ಚಿಯ ಮೇಲೆ ಕೂರಿಸಿದರು. ಆಕೆ ಅಲ್ಲಿಯವರೆಗೆ ಬಾಯಿ ಬಿಡದೆ ಇದ್ದದ್ದು ಯಾರೂ ಏನನ್ನೂ ಕೇಳಿರಲಿಲ್ಲ ಎಂಬ ಕಾರಣಕ್ಕೆ. ಇದು ಅವರಿಗೆ ತಡವಾಗಿ ತಿಳಿಯಿತು.

ನಾನು ಹಳಿಯಾಳದಲ್ಲಿ ಇಂಗ್ಲಿಷ್ ಕಲಿಸುವ ಟೀಚರ್. ಯೋಜನೆ ನೋಡಲು ಪರದೇಶದ ಮೇಡಂ ಒಬ್ಬರು ದಾಂಡೇಲಿಯಿಂದ ಬರುತ್ತಾರೆ, ಮಾತು ತಿಳಿಸಿ ಹೇಳು ಎಂದು ದೊಡ್ಡವ್ವ ನನ್ನನ್ನು ಕರೆಸಿಕೊಂಡಳು. ಹೋಗಿ ನೋಡಿದರೆ ಸಭೆಯ ಮೊದಲ ವಿಷಯವೇ ದೊಡ್ಡಪ್ಪ. ಕೊಟ್ಟಿಗೆಯ ಚಾವಣಿಗೆಂದು ಅವನು ಸಮಿತಿಯ ಕಾಡಿನಿಂದ ಕೇಳದೆ ಒಂದು ಬಿದಿರು ಕಡಿದಿದ್ದ. ಹಿಡಿದವಳು ಹೆಂಡತಿಯೇ.

ಫಾರೆಸ್ಟ್ ಗಾರ್ಡ್ ಮೆಲ್ಲಗೆ ಬಗ್ಗಿ, "ಅಕ್ಕಾರ, ಇವತ್ತ ಬ್ಯಾಡ್ರಿ. ಪರದೇಶದವ್ರು ಬಂದಾರ" ಎಂದ.

"ನೋಡಾಕಂತನ ಬಂದಾರಲ್ಲ. ನೋಡ್ಲಿ."

ಗೋಡೆಗೆ ಒರಗಿ ಕುಳಿತ ಊರವರೆಲ್ಲ ಅವಳನ್ನೇ ನೋಡುತ್ತಿದ್ದರು. ಅವತ್ತು ದೊಡ್ಡಪ್ಪನನ್ನು ಬಿಟ್ಟುಬಿಟ್ಟಿದ್ದರೆ ಮರುದಿನ ಊರಿನ ಕೊಡಲಿಗಳೆಲ್ಲ ಕಾಡು ಸೇರುತ್ತಿದ್ದವು. ಅದು ಅವಳಿಗೂ ಗೊತ್ತಿತ್ತು, ಕೊಡಲಿಗಳಿಗೂ.

ಗಾರ್ಡ್ ಪೆನ್ನು ತೆಗೆದು, "ಆರೋಪಿ ಹೆಸರ ಹೇಳ್ರಿ" ಎಂದ.

ಇಲ್ಲಿ ಕೆಲಸ ಕೆಟ್ಟಿತು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಲೇಬೇಕಾದರೆ ಪ್ರಾಸ ಕಟ್ಟಿ ಒಡಪು ಹಾಕಿಯೇ ಹೇಳಬೇಕು. ದೊಡ್ಡವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಗಂಟಲು ಸರಿಮಾಡಿಕೊಂಡಳು.

"ಬೆಟ್ಟಕ್ಕ ಹೋಗಾಕ ಬಳಸು ದಾರಿ, ಬಿದಿರ ಕಡಿದವ್ರು ಬಸಪ್ಪನವ್ರು, ಕೇಳ್ರಿ."

ದೊಡ್ಡಪ್ಪ ಮದುವಣಿಗನ ಹಾಗೆ ನಾಚಿ ತಲೆ ತಗ್ಗಿಸಿದ. ಆಕೆ ಯಾಕೆ ಹಾಡಿದರು ಎಂದು ಮೇಡಂ ಕೇಳಿದರು. ನಮ್ಮಲ್ಲಿ ಆರೋಪಪಟ್ಟಿಯನ್ನು ಹೀಗೆಯೇ ಸಲ್ಲಿಸುವುದು ಎಂದೆ. ವಿಕೇಂದ್ರೀಕರಣ ಇಷ್ಟು ಮಟ್ಟಿಗೆ ಆಗಿದೆಯೆಂದು ಅವರು ಎಣಿಸಿರಲಿಲ್ಲ.

ಮಳೆಗಾಲ ಮುಗಿಯುವವರೆಗೆ ದಿನಾ ಕಾಡು ಕಾಯಬೇಕು ಎಂದು ಶಿಕ್ಷೆಯಾಯಿತು. ದೊಡ್ಡಪ್ಪ ಮಳೆಗೆ ತಲೆಯ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡು ಹೋದ. ಕೆಲಸ ಸರಿಯಾಗಿ ಮಾಡುತ್ತಾನೋ ಇಲ್ಲವೋ ಎಂದು ತಪಾಸಣೆಗೆ ದೊಡ್ಡವ್ವನೂ ಹೋದಳು. ಮಳೆಗಾಲ ಮುಗಿಯಿತು, ಸುಗ್ಗಿಯೂ ಮುಗಿಯಿತು, ತಪಾಸಣೆ ಮುಗಿಯಲಿಲ್ಲ. ವರ್ಷಗಟ್ಟಲೆ ಇಬ್ಬರೂ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. "ಮನ್ಯಾಗ ಮಾತಾಡಾಕ ಪುರಸತ್ತ ಎಲ್ಲೈತಿ?" ಎಂದು ದೊಡ್ಡಪ್ಪ ನನಗೊಮ್ಮೆ ಹೇಳಿದ್ದ.

ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು.

ಈ ಬೇಸಿಗೆಯಲ್ಲಿ ಪರದೇಶದ ತಂಡ ಮತ್ತೆ ಬಂತು, ನಾನೂ ಹೋದೆ. ಅಧ್ಯಕ್ಷರ ಕುರ್ಚಿ ಖಾಲಿ. ಎಲ್ಲರೂ ಕಾಯುತ್ತಿದ್ದರು. ಹುಡುಕಿಕೊಂಡು ಕಾಡಿಗೆ ಹೋದೆ. ದೊಡ್ಡಪ್ಪನನ್ನು ಕರೆತಂದ ನೆರೆಮನೆಯವರ ಎತ್ತಿನ ಚಕ್ಕಡಿ ದಾರಿಯಲ್ಲಿ ನಿಂತಿತ್ತು. ಮತ್ತಿ ಮರದ ಕೆಳಗೆ ಕಂಬಳಿ ಹಾಸಿ ದೊಡ್ಡಪ್ಪನನ್ನು ಒರಗಿಸಿ ಕೂರಿಸಿದ್ದಳು. ಪಕ್ಕದ ಪೊದೆಯಿಂದ ಕವಳಿ ಹಣ್ಣು ಕಿತ್ತು, ಬೆರಳಲ್ಲಿ ಹಿಸುಕಿ, ಬೀಜ ತೆಗೆದು ಅವನ ಬಾಯಿಗೆ ಇಡುತ್ತಿದ್ದಳು.

"ದೊಡ್ಡವ್ವ, ಎಲ್ಲಾರೂ ಕಾಯಾಕತ್ಯಾರ."

"ಕಾಯ್ಲಿ. ಮುಂಜಾನಿಂದ ಇವ್ರು ಈ ಕಡೆನ ಕೈ ಮಾಡಿ ತೋರಸಾಕತ್ತಿದ್ರು. ಬ್ಯಾಡ ಅನ್ನಾಕ ಆಗ್ಲಿಲ್ಲ."

ರಸ ಅವನ ಗದ್ದಕ್ಕೆ ಇಳಿಯಿತು. ಸೆರಗಿನಿಂದ ಒರೆಸಿದಳು. ಮುಂದಿನ ಹಣ್ಣು ಹಿಡಿದಾಗ ದೊಡ್ಡಪ್ಪ ಎಡಗೈ ಎತ್ತಿ ಅವಳ ಮಣಿಕಟ್ಟು ಹಿಡಿದ. ಬಹಳ ಹೊತ್ತು ಹೆಣಗಿ, ಆ ಕೈಯನ್ನು ಅವಳ ಬಾಯಿಯ ಕಡೆಗೇ ತಿರುಗಿಸಿದ.

ದೊಡ್ಡವ್ವ ತಿಂದಳು. "ಭಾಳ ಹುಳಿ ಐತಿ" ಎಂದು ಆ ಕಡೆ ಮುಖ ತಿರುಗಿಸಿ, ಸ್ವಲ್ಪ ಹೊತ್ತು ಈ ಕಡೆ ನೋಡಲಿಲ್ಲ.

ದೂರದಲ್ಲಿ ಜೀಪು ಹಾರ್ನ್ ಹೊಡೆಯಿತು. ನಾನು ಕಂಬಳಿಯ ಅಂಚಿನಲ್ಲಿ ಕುಳಿತುಕೊಂಡೆ.